ಎಡುವಾರ್ಡ್ ಮಿಗ್-21 ಬಿಸ್ ಕಿಟ್: ಮಂಗಳೂರಿನ ಮಳೆಯಲ್ಲಿ ಕಟ್ಟಿ ನೋಡಿದ ಅನುಭವ

ಮೊದಲೇ ಹೇಳಿಬಿಡುತ್ತೇನೆ. ಈ ಕಿಟ್ ಧೈರ್ಯವಾಗಿ ತೆಗೆದುಕೊಳ್ಳಿ. ಎಡುವಾರ್ಡ್ ಕಂಪನಿಯದ್ದು, ಮಿಗ್-21 ಯುದ್ಧವಿಮಾನದ ಬಿಸ್ ಅನ್ನುವ ಮಾದರಿ, 1/48 ಅಳತೆ, ಪ್ರೊಫಿಪ್ಯಾಕ್ ಬಾಕ್ಸ್. ಹನ್ನೊಂದು ವರ್ಷದಿಂದ ಪ್ಲಾಸ್ಟಿಕ್ ಮಾಡೆಲ್ ಕಟ್ಟುತ್ತಿದ್ದೇನೆ, ಇಷ್ಟು ಚೊಕ್ಕ ಅಚ್ಚಿನ ಕಿಟ್ ನನ್ನ ಕೈಗೆ ಬಂದದ್ದು ಕಡಿಮೆ. ಆದರೆ ನಮ್ಮ ಕರಾವಳಿಯಲ್ಲಿ, ಅದೂ ಮಳೆಗಾಲದಲ್ಲಿ ಇದನ್ನು ಕಟ್ಟಲು ಕೂತರೆ ಬಾಕ್ಸಿನೊಳಗಿನ ಪುಸ್ತಕ ಹೇಳದ ಎಷ್ಟೋ ಸಂಗತಿ ಎದುರಾಗುತ್ತವೆ. ನಾನು 2025ರ ಮೇ ತಿಂಗಳಲ್ಲಿ ಶುರು ಮಾಡಿದೆ, ಡಿಸೆಂಬರ್ ಕೊನೆಯಲ್ಲಿ ಮುಗಿಸಿದೆ. ಅದರಲ್ಲಿ ಮೂರು ತಿಂಗಳು ಬರೀ ಗಾಳಿ ಒಣಗಲಿ ಅಂತ ಕಾದದ್ದು.

ಇನ್ನೊಂದು ವಿಷಯ. ಈ ಮಾಡೆಲ್ ಹೇಗಿದೆ ಅಂತ ನಾನೊಬ್ಬನೇ ತೀರ್ಮಾನ ಮಾಡಿದ್ದಲ್ಲ. ಕಟಪಾಡಿಯಲ್ಲಿರುವ ನನ್ನ ದೊಡ್ಡಪ್ಪ ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್ ಆಗಿದ್ದವರು. 80ರ ದಶಕದಲ್ಲಿ ಕೆಲವು ವರ್ಷ ಇದೇ ಬಿಸ್ ವಿಮಾನಗಳ ಕೆಳಗೆ ಮಲಗಿ, ಚಕ್ರದ ಗೂಡಿನೊಳಗೆ ಕೈ ಹಾಕಿ ಕೆಲಸ ಮಾಡಿದ್ದಾರೆ. ಪೈಲಟ್‌ಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಕೆಳಗೆ ಮಲಗಿದವರ ಬಗ್ಗೆ ಯಾರೂ ಮಾತಾಡುವುದಿಲ್ಲ. ನನಗೆ ಅವರು ಏನು ಹೇಳುತ್ತಾರೆ ಅನ್ನುವುದೇ ಮುಖ್ಯವಾಗಿತ್ತು.

ಮಿಗ್-21 ಯಾಕೆ ಅಂತ ಹೆಚ್ಚು ವಿವರಿಸಬೇಕಾಗಿಲ್ಲ. 1963ರಲ್ಲಿ ಚಂಡೀಗಢದಲ್ಲಿ ನಮ್ಮ ವಾಯುಪಡೆಗೆ ಸೇರಿದ ವಿಮಾನ, 2025ರ ಸೆಪ್ಟೆಂಬರ್ 26ರಂದು ಅದೇ ಚಂಡೀಗಢದಲ್ಲಿ ನಿವೃತ್ತಿಯಾಯಿತು. 62 ವರ್ಷ. 800ಕ್ಕೂ ಹೆಚ್ಚು ಮಿಗ್-21 ನಮ್ಮಲ್ಲಿ ಹಾರಿವೆ, ಅದರಲ್ಲಿ ಬಹುಪಾಲು ಇಲ್ಲೇ ಕಟ್ಟಿದ್ದು. ಎಚ್‌ಎಎಲ್ ಅಂದ ಕೂಡಲೇ ನಮಗೆ ಬೆಂಗಳೂರು ನೆನಪಾಗುತ್ತದೆ ಅಲ್ವಾ, ಆದರೆ ಮಿಗ್ ತಯಾರಾದದ್ದು ನಾಸಿಕ್ ಕಾರ್ಖಾನೆಯಲ್ಲಿ, ಎಂಜಿನ್ ಒಡಿಶಾದ ಕೋರಾಪುಟ್‌ನಲ್ಲಿ. ಇದೆಲ್ಲ ನನಗೆ ಚಿಕ್ಕಂದಿನಲ್ಲೇ ದೊಡ್ಡಪ್ಪನ ಬಾಯಿಂದ ಕೇಳಿ ಗೊತ್ತು.

ಈಗ ಬಾಕ್ಸ್. ಎಡುವಾರ್ಡ್ ಜೆಕ್ ದೇಶದ ಕಂಪನಿ. ಪ್ರೊಫಿಪ್ಯಾಕ್ ಅಂದರೆ ಪ್ಲಾಸ್ಟಿಕ್ ಭಾಗಗಳ ಜೊತೆಗೆ ಬಣ್ಣ ಹಚ್ಚಿಯೇ ಬರುವ ತೆಳು ಲೋಹದ ತಗಡಿನ ಭಾಗಗಳು, ಬಣ್ಣ ಹೊಡೆಯುವಾಗ ತಾಗದಂತೆ ಗಾಜಿಗೆ ಮತ್ತು ಚಕ್ರಕ್ಕೆ ಅಂಟಿಸುವ ಮಾಸ್ಕ್, ಬಣ್ಣದಲ್ಲಿ ಅಚ್ಚಾದ ಸೂಚನೆ ಪುಸ್ತಕ, ಇಷ್ಟೂ ಇರುತ್ತವೆ. 1/48 ಅಂದರೆ ನಿಜವಾದ ವಿಮಾನದ 48 ಸೆಂಟಿಮೀಟರ್ ಇಲ್ಲಿ ಒಂದು ಸೆಂಟಿಮೀಟರ್. ಮುಗಿದ ಮೇಲೆ ಉದ್ದ 30 ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ, ರೆಕ್ಕೆಯ ತುದಿಯಿಂದ ತುದಿಗೆ 15 ಸೆಂಟಿಮೀಟರ್. ಸಪೂರ ವಿಮಾನ. ಷೋಕೇಸಿನಲ್ಲಿ ಹೆಚ್ಚು ಜಾಗ ಬೇಡುವುದಿಲ್ಲ.

ಹೊರಮೈ ನೋಡಿದಾಗಲೇ ಖುಷಿಯಾಯಿತು. ತಗಡು ತಗಡು ಸೇರುವ ಗೆರೆಗಳು ಕೂದಲಿನಷ್ಟು ಸಣ್ಣ, ರಿವೆಟ್ ಸಾಲುಗಳು ಸೂಜಿಯಿಂದ ಚುಚ್ಚಿದ ಹಾಗೆ. ಬಣ್ಣ ದಪ್ಪವಾಗಿ ಬಳಿದರೆ ಇಷ್ಟೂ ಮುಚ್ಚಿ ಹೋಗುತ್ತದೆ. ಹಾಗಾಗಿ ಬ್ರಷ್‌ನಲ್ಲಿ ಬಳಿಯುವವರು ಬಣ್ಣವನ್ನು ಹಾಲಿನಷ್ಟು ತೆಳು ಮಾಡಿ ನಾಲ್ಕೈದು ಸಲ ಬಳಿಯಿರಿ, ಅವಸರ ಬೇಡ. ಇನ್ನೊಂದು ಒಳ್ಳೆಯ ಸಂಗತಿ ಅಂದರೆ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟನ್ನು ಬೇರೆ ಬೇರೆ ಮಾದರಿಯ ಮಿಗ್‌ಗಳಿಗೆ ಒಂದೇ ಬಳಸುವುದರಿಂದ ಎಷ್ಟೋ ಭಾಗಗಳು ಉಳಿಯುತ್ತವೆ. ಕ್ಷಿಪಣಿ, ರಾಕೆಟ್ ಗೂಡು, ಬೇರೆ ಟ್ಯಾಂಕು. ಬಿಸಾಡಬೇಡಿ, ಬಣ್ಣ ಪ್ರಯೋಗ ಮಾಡಲು ಅವೇ ಬೇಕು.

ನನ್ನ ಬಾಕ್ಸ್ ಬಂದದ್ದು ಒಂದು ಮೂಲೆ ಜಜ್ಜಿ ಹೋಗಿ. ತರಿಸಿದ್ದು ಆನ್‌ಲೈನ್ ಅಂಗಡಿಯಿಂದ. ಒಳಗೆ ಮೂಗಿನ ತುದಿಗೆ ಬರುವ ಉದ್ದದ ಪಿಟೋ ಕಡ್ಡಿ, ಅಂದರೆ ವಿಮಾನದ ವೇಗ ಅಳೆಯುವ ಕೊಳವೆ, ಎರಡು ತುಂಡಾಗಿತ್ತು. ಫೋಟೋ ತೆಗೆದು ಕಳಿಸಿದೆ, ಐದು ದಿನ ಬಿಟ್ಟು ಉತ್ತರ ಬಂತು, ಬದಲಿ ಭಾಗ ಕೊಡಲು ಆಗುವುದಿಲ್ಲ ಅಂತ. ಇಷ್ಟು ಬೆಲೆಯ ಸಾಮಾನನ್ನು ಒಂದು ಪದರ ಗುಳ್ಳೆ ಪ್ಲಾಸ್ಟಿಕ್ ಕೂಡ ಸುತ್ತದೆ ಕಳಿಸಿದ್ದಕ್ಕೆ ನನಗೆ ನಿಜಕ್ಕೂ ಬೇಸರವಾಯಿತು. ಕಿಟ್ ತರಿಸುವಾಗ ಎರಡು ಬಾಕ್ಸಿನಲ್ಲಿ ಹಾಕಿ ಕಳಿಸಿ ಅಂತ ಮೊದಲೇ ಕೇಳಿ, ಒಪ್ಪದಿದ್ದರೆ ಬೇರೆ ಕಡೆ ನೋಡಿ.

ಆ ಕಡ್ಡಿಗೆ ಮದ್ದು ಸಿಕ್ಕಿದ್ದು ಮೆಡಿಕಲ್ ಶಾಪಿನಲ್ಲಿ. ಇಂಜೆಕ್ಷನ್ ಸೂಜಿ. 21 ನಂಬರಿನ ಸೂಜಿಯ ಒಳಗೆ 26 ನಂಬರಿನ ಸೂಜಿ ಸರಿಯಾಗಿ ಕೂರುತ್ತದೆ. ಹೊರಗಿನದು ಸುಮಾರು 0.8 ಮಿಲಿಮೀಟರ್, ಒಳಗಿನದು ಅರ್ಧ ಮಿಲಿಮೀಟರಿಗಿಂತ ಕಡಿಮೆ. ಹಿಂದೆ ದಪ್ಪ, ಮುಂದೆ ಸಪೂರ, ನಿಜವಾದ ಪಿಟೋ ಕಡ್ಡಿಯ ಆಕಾರವೇ ಬಂತು. ಪ್ಲಾಸ್ಟಿಕ್‌ನದ್ದಕ್ಕಿಂತ ಗಟ್ಟಿ ಕೂಡ. ಚೂಪು ತುದಿಯನ್ನು ಮಾತ್ರ ಅರದಿಂದ ಉಜ್ಜಿ ಮೊಂಡು ಮಾಡಿ, ಮನೆಯಲ್ಲಿ ಮಕ್ಕಳಿದ್ದರೆ ಅದು ಮರೆಯಲೇಬಾರದು. ಬಿಸ್‌ನಲ್ಲಿ ಈ ಕಡ್ಡಿ ಮೂಗಿನ ಸರೀ ಮಧ್ಯದಲ್ಲಿ ಇರುವುದಿಲ್ಲ, ಮೇಲ್ಭಾಗದಲ್ಲಿ ಸ್ವಲ್ಪ ಬಲಕ್ಕೆ ಸರಿದಿರುತ್ತದೆ. ಮಧ್ಯದಲ್ಲಿ ಅಂಟಿಸಿದ ಮಾಡೆಲ್‌ಗಳನ್ನು ಎಷ್ಟೋ ಕಡೆ ನೋಡಿದ್ದೇನೆ.

ಸಲಕರಣೆ ಬಗ್ಗೆ ಮಂಗಳೂರಿನವರಿಗೆ ಒಂದು ಮಾತು. ಹಾಬಿ ಅಂಗಡಿ ಹುಡುಕಿಕೊಂಡು ಅಲೆಯಬೇಡಿ. ನಮ್ಮ ಊರಿನಲ್ಲಿ ಡೆಂಟಲ್ ಕಾಲೇಜುಗಳು ಬೇಕಾದಷ್ಟು ಇವೆ, ಅವುಗಳ ಹುಡುಗರಿಗೆ ಸಾಮಾನು ಮಾರುವ ಅಂಗಡಿಗಳೂ ಇವೆ. ಹಲ್ಲು ಕೆರೆಯುವ ಪ್ರೋಬ್, ಮೇಣ ಕೆತ್ತುವ ಕಾರ್ವರ್, ಸಣ್ಣ ಬರ್‌ಗಳು, ಎಲ್ಲವೂ ಮಾಡೆಲ್‌ಗೆ ಹೇಳಿ ಮಾಡಿಸಿದ ಹಾಗೆ. ಉಜ್ಜುವಾಗ ಅಳಿಸಿ ಹೋದ ಗೆರೆಗಳನ್ನು ನಾನು ಮತ್ತೆ ಕೊರೆದದ್ದು ಹಲ್ಲಿನ ಪ್ರೋಬ್‌ನಿಂದಲೇ. ಚಿಮಟ, ಸಣ್ಣ ಅರಗಳ ಸೆಟ್, ಬೆರಳಲ್ಲಿ ತಿರುಗಿಸುವ ಡ್ರಿಲ್ ಬೇಕಾದರೆ ರಥಬೀದಿಯ ಕಡೆ ಅಕ್ಕಸಾಲಿಗರಿಗೆ ಸಾಮಾನು ಕೊಡುವವರ ಹತ್ತಿರ ಕೇಳಿ. ಚಿನ್ನದ ಕೆಲಸಕ್ಕೆ ಆಗುವ ಚಿಮಟ ಇದಕ್ಕೆ ಆಗದೇ ಇರುತ್ತದಾ? ವಾಟರ್ ಪೇಪರ್ ಕಾರಿಗೆ ಬಣ್ಣ ಹೊಡೆಯುವವರ ಅಂಗಡಿಯಲ್ಲಿ ಸಿಗುತ್ತದೆ, 800, 1200, 2000 ನಂಬರ್ ಸಾಕು.

ಕೆಲಸ ಶುರುವಾಗುವುದು ಕಾಕ್‌ಪಿಟ್‌ನಿಂದ. ಈ ಕಿಟ್‌ನಲ್ಲಿ ನಾನು ಅತಿ ಹೆಚ್ಚು ಸಮಯ ಕಳೆದದ್ದು, ಅತಿ ಹೆಚ್ಚು ಸಂತೋಷಪಟ್ಟದ್ದು ಇಲ್ಲೇ. ಮಿಗ್‌ನ ಕಾಕ್‌ಪಿಟ್ ಬಣ್ಣ ಬೇರೆ ಯಾವ ದೇಶದ ವಿಮಾನದಲ್ಲೂ ನೋಡದಂಥದ್ದು, ಹಸಿರೂ ಅಲ್ಲ, ನೀಲಿಯೂ ಅಲ್ಲ, ನವಿಲಿನ ಕತ್ತಿನ ಬಣ್ಣಕ್ಕೆ ಸ್ವಲ್ಪ ಹಾಲು ಬೆರೆಸಿದ ಹಾಗೆ. ಡಯಲ್‌ಗಳ ಫಲಕ ಬಣ್ಣ ಹಚ್ಚಿಯೇ ಬರುತ್ತದೆ, ಎರಡು ಪದರವನ್ನು ಒಂದರ ಮೇಲೊಂದು ಕೂರಿಸಬೇಕು. ಭೂತಗನ್ನಡಿ ಇಟ್ಟರೆ ಒಂದೊಂದು ಡಯಲ್‌ನ ಮುಳ್ಳೂ ಕಾಣುತ್ತದೆ. ಆದರೆ ಸುತ್ತಲಿನ ಗೋಡೆಗೆ, ನೆಲಕ್ಕೆ ನೀವೇ ಬಣ್ಣ ಬೆರೆಸಿ ಆ ಫಲಕಕ್ಕೆ ಹೊಂದಿಸಬೇಕು. ನನಗೆ ಆರು ಸಲ ಬೇಕಾಯಿತು. ಹಗಲು ಬೆಳಕಿನಲ್ಲಿ ಸರಿ ಇದ್ದದ್ದು ಟ್ಯೂಬ್‌ಲೈಟಿನಲ್ಲಿ ಬೇರೆ ಕಾಣುತ್ತಿತ್ತು. ಕೊನೆಗೆ ಬೆಳಿಗ್ಗೆ ಕಿಟಕಿ ಹತ್ತಿರ ಕೂತು ಬೆರೆಸಿದ್ದೇ ಉಳಿಯಿತು.

ಸೀಟಿನ ಬೆಲ್ಟ್ ಕೂಡ ಲೋಹದ ತಗಡಿನದ್ದೇ. ಅಂಟಿಸುವ ಮೊದಲು ಹಲ್ಲುಕಡ್ಡಿಯ ಮೇಲೆ ಸ್ವಲ್ಪ ಬಾಗಿಸಿ, ಆಗ ಬಟ್ಟೆಯ ಹಾಗೆ ಜೋಲುತ್ತದೆ. ಇದಕ್ಕೆ ಸೂಪರ್ ಗ್ಲೂ ಬೇಕು. ಜೂನ್‌ನಲ್ಲಿ ನನಗೆ ಒಂದು ಪಾಠವಾಯಿತು. ಸೂಪರ್ ಗ್ಲೂ ಗಟ್ಟಿಯಾಗುವುದೇ ತೇವಾಂಶ ತಾಗಿದಾಗ. ನಮ್ಮ ಮಳೆಗಾಲದ ಗಾಳಿಯಲ್ಲಿ ಅದು ಕಣ್ಣು ಮಿಟುಕಿಸುವುದರೊಳಗೆ ಹಿಡಿದುಬಿಡುತ್ತದೆ. ಭಾಗವನ್ನು ಸರಿಸಿ ನೇರ ಮಾಡಲು ಸಮಯವೇ ಸಿಗುವುದಿಲ್ಲ. ತೆರೆದ ಬಾಟಲಿ ಒಂದು ವಾರದಲ್ಲಿ ಕಲ್ಲಾಗುತ್ತದೆ. ಒಂದು ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಅದರೊಳಗೆ ಅಂಟಿಟ್ಟು ಫ್ರಿಜ್‌ನಲ್ಲಿಡಿ. ಗಾಜಿನ ಭಾಗಗಳ ಹತ್ತಿರ ಇದನ್ನು ತರಲೇಬೇಡಿ, ಅದರ ಆವಿಗೆ ಗಾಜಿನ ಮೇಲೆ ಬಿಳಿ ಮಂಜು ಕೂರುತ್ತದೆ. ಕಾಕ್‌ಪಿಟ್‌ನ ಮುಚ್ಚಳ ಅಂಟಿಸಲು ಫೆವಿಕಾಲ್ ಸಾಕು, ಒಣಗಿದರೆ ಪಾರದರ್ಶಕ. ಮುಚ್ಚಳ ತೆರೆದು ಇಡುವವರು ನೆನಪಿಡಿ, ಬಿಸ್‌ನಲ್ಲಿ ಅದು ಹಿಂದಕ್ಕಲ್ಲ, ಬಲಬದಿಗೆ ತೆರೆಯುತ್ತದೆ.

ಮುಂದಿನ ಹಂತ ಸ್ವಲ್ಪ ಕಷ್ಟದ್ದು. ಕಾಕ್‌ಪಿಟ್, ಮುಂದಿನ ಚಕ್ರದ ಗೂಡು, ಹಿಂದಿನ ಚಕ್ರಗಳ ಗೂಡು, ಬಾಲದ ಎಂಜಿನ್ ಕೊಳವೆ, ಇಷ್ಟನ್ನೂ ಒಳಗೆ ಕೂರಿಸಿ ಆಮೇಲೆ ವಿಮಾನದ ಮೈಯ ಎರಡು ಹೋಳು ಮುಚ್ಚಬೇಕು. ಹಲಸಿನ ಹಣ್ಣಿನ ಒಳಗಿನ ಹಾಗೆ ಎಲ್ಲ ಒತ್ತಾಗಿ ಕೂತಿರುತ್ತದೆ. ನಾನು ಅಂಟು ಹಾಕದೆ ಎಂಟು ಹತ್ತು ಸಲ ಜೋಡಿಸಿ ನೋಡಿದರೂ ಬೆನ್ನಿನ ಹತ್ತಿರ ಒಂದು ಬಿರುಕು ಹಾಗೇ ಉಳಿಯಿತು. ಕಾರಣ ಹುಡುಕುತ್ತಾ ಒಂದು ಭಾನುವಾರ ಹೋಯಿತು. ಕೊನೆಗೆ ನೋಡಿದರೆ ಅಂಟು ತಾಗುವ ಅಂಚಿನಲ್ಲಿ ನಾನು ಹಚ್ಚಿದ ಬಣ್ಣ ಕೂತಿತ್ತು. ಕೆರೆದು ತೆಗೆದ ಮೇಲೆ ಹೋಳುಗಳು ಸದ್ದಿಲ್ಲದೆ ಕೂಡಿದವು. ಅಷ್ಟು ಬಿಗಿಯಾದ ಅಳತೆ ಇದರದ್ದು, ಬಣ್ಣದ ಪದರಕ್ಕೂ ಜಾಗ ಬಿಟ್ಟಿಲ್ಲ. ಅಂಟಿಸುವ ಅಂಚುಗಳಿಗೆ ಮೊದಲೇ ಟೇಪ್ ಹಚ್ಚಿಕೊಳ್ಳಿ.

ಮುಚ್ಚುವ ಮೊದಲು ಮೂಗಿನ ಕೋನದ ಹಿಂದೆ ಸ್ವಲ್ಪ ಭಾರ ಇಟ್ಟೆ, ನಿಲ್ಲಿಸಿದಾಗ ಬಾಲದ ಕಡೆ ವಾಲಬಾರದು ಅಂತ. ಬಂದರಿನಲ್ಲಿ ಬಲೆಗೆ ಕಟ್ಟುವ ಸೀಸದ ಮಣಿ ಸಿಗುತ್ತದೆ, ಅದೇ. ಇಲ್ಲಿ ಒಂದು ಎಚ್ಚರಿಕೆ. ಸೀಸವನ್ನು ಬಿಳಿ ಅಂಟಿನಲ್ಲಿ ಕೂರಿಸಬೇಡಿ. ವರ್ಷಗಳು ಕಳೆದಂತೆ ಸೀಸ ಬಿಳಿ ಪುಡಿಯಾಗಿ ಉಬ್ಬುತ್ತದೆ, ಮಾಡೆಲ್ ಒಳಗಿನಿಂದಲೇ ಒಡೆಯುತ್ತದೆ. ಎರಡು ಟ್ಯೂಬ್ ಬೆರೆಸುವ ಎಪಾಕ್ಸಿ ಅಂಟು ಹಾಕಿ. ಆ ಮೂಗಿನ ಕೋನದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ರಾಡಾರ್ ಇರುವುದು ಅದರ ಒಳಗೆ. ವೇಗ ಹೆಚ್ಚಿದಂತೆ ಕೋನ ಮುಂದಕ್ಕೆ ಬರುತ್ತದೆ, ಎಂಜಿನ್‌ಗೆ ಹೋಗುವ ಗಾಳಿಯನ್ನು ಹದ ಮಾಡಲು. ನೆಲದ ಮೇಲೆ ನಿಂತ ವಿಮಾನದಲ್ಲಿ ಅದು ಹಿಂದೆ ಸರಿದಿರಬೇಕು. ಚಕ್ರ ಇಳಿಸಿ, ಕೋನ ಮುಂದೆ ಚಾಚಿ ಅಂಟಿಸಿದರೆ ನೋಡಿದವರಿಗೆ ಗೊತ್ತಾಗುತ್ತದೆ.

ಇನ್ನು ಬಣ್ಣ. ನಮ್ಮ ಊರಿನವರು ಓದಲೇಬೇಕಾದ ಭಾಗ ಇದು.

ಆಗಸ್ಟ್‌ನಲ್ಲಿ ಎರಡು ದಿನ ಮಳೆ ಬಿಟ್ಟಿತ್ತು. ಬಿಸಿಲು ನೋಡಿ ಆಸೆಯಾಯಿತು. ಬೇಗ ಆರುವ ಲ್ಯಾಕರ್ ಬಣ್ಣ ತೆಳು ಮಾಡಿ, ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನಿಂದ ಹೊಟ್ಟೆಯ ಕಡೆ ತಿಳಿ ಬೂದು ಹೊಡೆದೆ. ಹದಿನೈದು ನಿಮಿಷದಲ್ಲಿ ರೆಕ್ಕೆಯ ಕೆಳಗೆಲ್ಲ ಬಿಳಿ ಮಸುಕು ಹರಡಿತು, ಉಪ್ಪಿನಕಾಯಿ ಮೇಲೆ ಬೂಸ್ಟು ಬಂದ ಹಾಗೆ. ಆಗಿದ್ದು ಇಷ್ಟೇ: ತಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿದ್ದ ನೀರು ಅಲ್ಲಿ ಕೂತು ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಮಳೆ ನಿಂತ ಮಾತ್ರಕ್ಕೆ ಗಾಳಿ ಒಣಗಿದೆ ಅಂತಲ್ಲ. ಇದು ನನಗೆ ಗೊತ್ತಿದ್ದೂ ಕಾಯಲು ಆಗಲಿಲ್ಲ, ಎರಡು ತಿಂಗಳ ಕೆಲಸ ಹಾಳಾಯಿತು ಅಂತ ಆ ರಾತ್ರಿ ತುಂಬಾ ಸಂಕಟಪಟ್ಟೆ.

ಕಾರಿಗೆ ಬಣ್ಣ ಹೊಡೆಯುವ ಒಬ್ಬರು ಪರಿಚಯದವರಿದ್ದಾರೆ, ಅವರಿಗೆ ತೋರಿಸಿದೆ. "ಇದಕ್ಕೆ ಯಾಕೆ ತಲೆಬಿಸಿ ಮಾರಾಯ್ರೆ, ಮಳೆಗಾಲಕ್ಕೆ ನಾವು ರಿಟಾರ್ಡರ್ ಹಾಕುತ್ತೇವೆ" ಅಂದರು. ರಿಟಾರ್ಡರ್ ಅಂದರೆ ನಿಧಾನ ಆರುವ ತಿನ್ನರ್. ಬಣ್ಣ ಒಣಗುವುದು ತಡವಾಗುತ್ತದೆ, ನೀರಿಗೆ ಹೊರಗೆ ಹೋಗಲು ಸಮಯ ಸಿಗುತ್ತದೆ. ಮಸುಕಾದ ಜಾಗದ ಮೇಲೆ ಬರೀ ರಿಟಾರ್ಡರ್ ಅನ್ನು ಹಗುರಾಗಿ ಹೊಡೆದರೆ ಕೆಲವು ಸಲ ಬಿಳಿಚು ಹೋಗುತ್ತದೆ ಅಂತಲೂ ಹೇಳಿದರು, ನನ್ನದರಲ್ಲಿ ಅರ್ಧ ಹೋಯಿತು, ಉಳಿದರ್ಧವನ್ನು ಉಜ್ಜಿ ತೆಗೆಯಬೇಕಾಯಿತು. ಆದರೆ ಕಾರಿನ ತಿನ್ನರ್ ಮಾಡೆಲ್‌ನ ಪ್ಲಾಸ್ಟಿಕ್ ಅನ್ನು ತಿನ್ನಬಹುದು. ಉಳಿದ ಚೌಕಟ್ಟಿನ ತುಂಡಿನ ಮೇಲೆ ಮೊದಲು ಪರೀಕ್ಷೆ ಮಾಡಿ. ಹಾಬಿ ಬಣ್ಣದ ಕಂಪನಿಗಳೂ ಇಂಥ ನಿಧಾನದ ತಿನ್ನರ್ ಮಾರುತ್ತವೆ, ಸಿಕ್ಕರೆ ಅದೇ ಒಳ್ಳೆಯದು.

ಏರ್‌ಬ್ರಷ್ ಇರುವವರಿಗೆ ಇನ್ನೂ ಎರಡು ಮಾತು. ಕಂಪ್ರೆಸರ್ ಗಾಳಿಯನ್ನು ಒತ್ತುವಾಗ ಅದರಲ್ಲಿದ್ದ ನೀರು ಟ್ಯಾಂಕಿನಲ್ಲಿ ಕೂಡುತ್ತದೆ. ನಮ್ಮಲ್ಲಿ ಅದು ಬೇರೆ ಊರಿಗಿಂತ ಜಾಸ್ತಿ. ಆ ನೀರನ್ನು ತಡೆದು ಹಿಡಿಯುವ ವಾಟರ್ ಟ್ರ್ಯಾಪ್ ಇಲ್ಲದೆ ಹೊಡೆದರೆ ಬಣ್ಣದ ಮಧ್ಯೆ ಟಪಕ್ ಅಂತ ಒಂದು ಹನಿ ಬೀಳುತ್ತದೆ. ಪ್ರತಿ ಸಲ ಕೆಲಸ ಮುಗಿದ ಮೇಲೆ ಟ್ಯಾಂಕಿನ ಕೆಳಗಿನ ತಿರುಪು ಬಿಚ್ಚಿ ನೀರು ಬಿಡಿ, ಇಲ್ಲದಿದ್ದರೆ ಒಳಗೆ ತುಕ್ಕು. ಎಸಿ ಇದ್ದವರು ಕೋಣೆಯಲ್ಲಿ ಒಂದು ಗಂಟೆ ಡ್ರೈ ಮೋಡ್ ಹಾಕಿ ಆಮೇಲೆ ಹೊಡೆಯಬಹುದು. ಆದರೆ ಮುಚ್ಚಿದ ಕೋಣೆಯಲ್ಲಿ ಲ್ಯಾಕರ್ ಬೇಡ, ನೀರಿನಲ್ಲಿ ಕರಗುವ ಅಕ್ರಿಲಿಕ್ ಮಾತ್ರ, ಅದಕ್ಕೂ ಮಾಸ್ಕ್ ಹಾಕಿ. ಒಣಗಿಸಲು ನಾನು ರಟ್ಟಿನ ಪೆಟ್ಟಿಗೆಯಲ್ಲಿ 40 ವ್ಯಾಟ್ ಬಲ್ಬ್ ಉರಿಸಿ, ಮಾಡೆಲ್ ಅನ್ನು ಬಲ್ಬಿನಿಂದ ದೂರ ಇಡುತ್ತಿದ್ದೆ. ಬೆಚ್ಚಗಾದರೆ ಸಾಕು, ಬಿಸಿಯಾದರೆ ರೆಕ್ಕೆ ಸೊಟ್ಟಗಾಗುತ್ತದೆ. ಪೆಟ್ಟಿಗೆಯನ್ನು ಉರಿಯಲು ಬಿಟ್ಟು ಮನೆಯಿಂದ ಹೊರಗೆ ಹೋಗಬೇಡಿ.

ಹೀಗೆ ಎಲ್ಲ ನಿಂತಿದ್ದಾಗ ಸೆಪ್ಟೆಂಬರ್ 26 ಬಂತು. ನವರಾತ್ರಿಯ ಶುಕ್ರವಾರ. ರಜೆ ಹಾಕಿ ಕಟಪಾಡಿಗೆ ಹೋಗಿದ್ದೆ. ಟಿವಿಯಲ್ಲಿ ಚಂಡೀಗಢದ ಬೀಳ್ಕೊಡುಗೆ ತೋರಿಸುತ್ತಿದ್ದರು. ಕೊನೆಯ ಮಿಗ್‌ಗಳು ಇಳಿದು ಬರುವಾಗ ಎರಡೂ ಬದಿಯಿಂದ ನೀರು ಹಾರಿಸಿ ಗೌರವ ಕೊಟ್ಟರು. ದೊಡ್ಡಪ್ಪ ಒಂದು ಮಾತೂ ಆಡಲಿಲ್ಲ. ಎಲ್ಲ ಮುಗಿದ ಮೇಲೆ ಎದ್ದು ಅಂಗಳಕ್ಕೆ ಹೋಗಿ ಸುಮ್ನೆ ನಿಂತರು. ಒಳಗೆ ಬಂದವರು ಕೇಳಿದ್ದು ಒಂದೇ, "ನಿನ್ನ ಆ ವಿಮಾನ ಎಲ್ಲಿವರೆಗೆ ಬಂತು?" ಆಗಿದ್ದನ್ನು ಹೇಳಿದೆ. "ಬಣ್ಣ ಹೊಡೆಯುವ ಮೊದಲು ಒಮ್ಮೆ ನನಗೆ ತೋರಿಸು" ಅಂದರು.

ದೀಪಾವಳಿಗೆ ತೆಗೆದುಕೊಂಡು ಹೋದೆ. ಬಣ್ಣದ ಕೆಳಗೆ ಹೊಡೆಯುವ ಪ್ರೈಮರ್ ಮಾತ್ರ ಹೊಡೆದ ಬೂದು ವಿಮಾನ. ಅವರು ಪೆನ್ಸಿಲ್ ತೆಗೆದುಕೊಂಡು ಗುರುತು ಹಾಕುತ್ತಾ ಹೋದರು. ಕೋಣೆಯ ಬೆಳಕು ಸಾಕಾಗಲಿಲ್ಲ, ಜಗಲಿಗೆ ಬಂದೆವು.

ಈಗ ಮಾಡೆಲ್ ಕಟ್ಟುವವರಲ್ಲಿ ಒಂದು ರೂಢಿ ಇದೆ. ಪ್ರತಿ ತಗಡಿನ ಅಂಚಿಗೂ ಕಪ್ಪು ನೆರಳು ಕೊಟ್ಟು ಮಧ್ಯ ತಿಳಿ ಮಾಡುವುದು. ನಾನೂ ಹಿಂದಿನ ಮಾಡೆಲ್‌ಗಳಲ್ಲಿ ಹಾಗೇ ಮಾಡಿದ್ದೇನೆ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಅದರ ಚಿತ್ರ ತೋರಿಸಿದಾಗ ದೊಡ್ಡಪ್ಪ ತಲೆ ಆಡಿಸಿದರು. "ಎಂಥದ್ದು ಇದು, ಚೌಕ ಚೌಕ? ನಮ್ಮ ವಿಮಾನ ಹೀಗೆ ಇರಲೇ ಇಲ್ಲ. ಧೂಳು ಕೂರಲು ನಾವು ಬಿಡುತ್ತಿರಲಿಲ್ಲ. ಎಣ್ಣೆ ಇತ್ತು, ಅದು ಹೌದು." ಎಣ್ಣೆ ಎಲ್ಲಿ ಅಂತ ಕೇಳಿದೆ. ಹೊಟ್ಟೆಯ ಮುಚ್ಚಳಗಳ ಹಿಂದೆ, ಚಕ್ರದ ಗೂಡಿನ ಬಾಯಿಯಲ್ಲಿ, ಗಾಳಿ ಹೋಗುವ ದಿಕ್ಕಿನಲ್ಲಿ ಸಪೂರ ಗೆರೆಯಾಗಿ. ರೆಕ್ಕೆ ಮೈಗೆ ಸೇರುವ ಜಾಗದಲ್ಲಿ ಬಣ್ಣ ಸವೆದಿರಬೇಕು, ಎಲ್ಲರೂ ಕಾಲಿಡುವುದು ಅಲ್ಲೇ. ಫಿರಂಗಿ ಬಾಯಿಯ ಹಿಂದೆ ಮಸಿ. ಬಾಲದ ತುದಿಯಲ್ಲಿ ಬಣ್ಣವೇ ಬೇಡ, ಬರೀ ಲೋಹ, ಬಿಸಿಗೆ ಕಂದಿದ್ದು. ಮತ್ತೆ ಮೇಲಿನ ಹಸಿರು ಕಂದು ಬಣ್ಣ ಒಂದೇ ಸಮ ಇರಬಾರದು, ಅಲ್ಲಲ್ಲಿ ತೇಪೆ ಹಚ್ಚಿದ ಹಾಗೆ ಸ್ವಲ್ಪ ಹೊಸದು ಸ್ವಲ್ಪ ಹಳೆಯದು.

ನಾನು ಎಲ್ಲವನ್ನೂ ಬರೆದುಕೊಂಡೆ. ಹತ್ತು ವರ್ಷ ವೀಡಿಯೋ ನೋಡಿ ಕಲಿತದ್ದಕ್ಕಿಂತ ಆ ಒಂದು ಮಧ್ಯಾಹ್ನ ಕಲಿತದ್ದು ಜಾಸ್ತಿ.

ಭಾರತದ ಗುರುತುಗಳ ಡೆಕಾಲ್ ಹಾಳೆಯನ್ನು, ಅಂದರೆ ನೀರಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರಗಳನ್ನು, ನಾನು ಬೇರೆ ಕಡೆಯಿಂದ ತರಿಸಿದ್ದೆ. ಅದನ್ನೂ ತೋರಿಸಿದೆ. ಒಂದು ಕ್ಷಣ ನೋಡಿ ಪಕ್ಕಕ್ಕಿಟ್ಟರು. "ಕೇಸರಿ ಇಷ್ಟು ಕೆಂಪು ಇರಲಿಲ್ಲ." ಸರಿಯಾಗಿ ನೋಡಿದರೆ ಕೇಸರಿ ಮತ್ತು ಬಿಳಿಯ ವೃತ್ತಗಳು ಒಂದರ ಮೇಲೊಂದು ಸರಿ ಕೂತಿರಲೂ ಇಲ್ಲ, ಕೂದಲೆಳೆಯಷ್ಟು ಸರಿದಿದ್ದವು. ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು, ಇದು ನಮ್ಮ ವಿಮಾನದ ಹಣೆಯ ಬೊಟ್ಟು, ಅದೇ ತಪ್ಪಾದರೆ ಉಳಿದದ್ದೆಲ್ಲ ಸರಿ ಇದ್ದು ಏನು? ಕಂಪಾಸಿಗೆ ಬ್ಲೇಡಿನ ತುಂಡು ಕಟ್ಟಿ ಟೇಪಿನಲ್ಲಿ ವೃತ್ತ ಕತ್ತರಿಸಿಕೊಂಡು ಎಲ್ಲವನ್ನೂ ಬಣ್ಣದಲ್ಲೇ ಹೊಡೆದೆ. ಹಾಳೆಯಿಂದ ಬಳಸಿದ್ದು 'ಸಿ' ಅಕ್ಷರದಿಂದ ಶುರುವಾಗುವ ನಂಬರ್ ಮತ್ತು ಸಣ್ಣ ಅಕ್ಷರಗಳನ್ನು ಮಾತ್ರ. ಅವುಗಳನ್ನು ಕೂರಿಸುವ ಮೊದಲು ಹೊಳಪು ವಾರ್ನಿಷ್ ಬೇಕೇ ಬೇಕು. ಒರಟು ಮೇಲ್ಮೈಯಲ್ಲಿ ಡೆಕಾಲ್ ಕೆಳಗೆ ಗಾಳಿ ಉಳಿದು ಬೆಳ್ಳಿಯ ಹಾಗೆ ಹೊಳೆಯುತ್ತದೆ.

ನವೆಂಬರ್ ಕೊನೆಗೆ ಗಾಳಿ ಒಣಗಿತು. ಬೆಳಿಗ್ಗೆ ಬಟ್ಟೆ ಹಾಕಿದರೆ ಮಧ್ಯಾಹ್ನಕ್ಕೆ ಗರಿಗರಿ ಆಗುತ್ತಿತ್ತು, ಅದೇ ನನ್ನ ಅಳತೆಗೋಲು. ನಾಲ್ಕು ದಿನದಲ್ಲಿ ಬಣ್ಣದ ಕೆಲಸ ಪೂರ್ತಿ ಮುಗಿಯಿತು. ಆಗಸ್ಟ್‌ನಲ್ಲಿ ನನ್ನನ್ನು ಅಷ್ಟು ಸತಾಯಿಸಿದ ಅದೇ ಬಣ್ಣ, ಅದೇ ಏರ್‌ಬ್ರಷ್. ಎಣ್ಣೆ ಗೆರೆಗಳಿಗೆ ಚಿತ್ರ ಬರೆಯುವವರ ಆಯಿಲ್ ಕಲರ್ ಮತ್ತು ಟರ್ಪೆಂಟೈನ್ ಬಳಸಿದೆ. ಒಂದು ಚುಕ್ಕೆ ಇಟ್ಟು ಒದ್ದೆ ಬ್ರಷ್‌ನಿಂದ ಹಿಂದಕ್ಕೆ ಎಳೆದರೆ ಆಯಿತು.

ಡಿಸೆಂಬರ್ ಕೊನೆಯ ಶನಿವಾರ. ಕೊಟ್ಟಾರ ಚೌಕಿಯಲ್ಲಿ ಉಡುಪಿ ಬಸ್ ಹತ್ತಿ, ಮಾಡೆಲ್ ಇದ್ದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಟಪಾಡಿಯವರೆಗೆ ಎರಡೂ ಕೈಯಲ್ಲಿ ಹಿಡಿದೇ ಕೂತೆ. ದೊಡ್ಡಮ್ಮ ಮಟ್ಟುಗುಳ್ಳದ ಬೋಳು ಹುಳಿ ಮಾಡಿದ್ದರು, ಊಟ ಆದ ಮೇಲೆ ತೆಗೆಯೋಣ ಅಂದರೆ ದೊಡ್ಡಪ್ಪ ಕೇಳಲಿಲ್ಲ.

ಎಲ್ಲರೂ ಮೊದಲು ನೋಡುವುದು ಕಾಕ್‌ಪಿಟ್. ಅವರು ಕೈಗೆ ತೆಗೆದುಕೊಂಡ ಕೂಡಲೇ ಮಗುಚಿ ಹಿಡಿದರು. ಕನ್ನಡಕ ಹಣೆಗೆ ಏರಿಸಿ ಚಕ್ರದ ಗೂಡಿನೊಳಗೆ ನೋಡಿದರು. ಅಲ್ಲಿ ಸಣ್ಣ ಸಣ್ಣ ಪೈಪುಗಳನ್ನು ಅಚ್ಚಿನಲ್ಲೇ ಮೂಡಿಸಿದ್ದಾರೆ, ಬಣ್ಣ ಹೊಡೆದು ಗೆರೆ ತೀಡಿದರೆ ಒಂದೊಂದೂ ಬೇರೆಯಾಗಿ ಕಾಣುತ್ತದೆ. ನಾನು ಅಲ್ಲಿ ಹೆಚ್ಚು ಶ್ರಮ ಹಾಕಲು ಹಿಂಜರಿದಿದ್ದೆ, ಯಾರು ನೋಡುತ್ತಾರೆ ಅಂತ. ದೊಡ್ಡಪ್ಪ ಕಿರುಬೆರಳ ಉಗುರನ್ನು ಅದರ ಅಂಚಿಗೆ ತಾಗಿಸಿದರು. "ಇದುಂಟಲ್ಲ, ಇಲ್ಲಿ ಕೈ ಹಾಕಿದರೆ ಮೊಣಕೈ ತರಚದೆ ಹೊರಗೆ ಬರುತ್ತಿರಲಿಲ್ಲ." ಆಮೇಲೆ ಬಾಲದ ಕಡೆ ಹೋದರು. ಬಾಲದ ರೆಕ್ಕೆಯ ಬುಡದಲ್ಲಿ ಒಂದು ಉದ್ದನೆಯ ಗೂಡು ಇದೆ, ಇಳಿಯುವಾಗ ವೇಗ ತಗ್ಗಿಸುವ ಪ್ಯಾರಾಚೂಟ್ ಇರುವುದು ಅದರಲ್ಲಿ. ಗಂಟೆಗೆ 300 ಕಿಲೋಮೀಟರ್ ಹತ್ತಿರದ ವೇಗದಲ್ಲಿ ನೆಲ ಮುಟ್ಟುವ ವಿಮಾನ ಇದು. ರನ್‌ವೇ ತುದಿಯಲ್ಲಿ ಬಿದ್ದ ಪ್ಯಾರಾಚೂಟ್ ಹೆಕ್ಕಿಕೊಂಡು ಬಂದು, ಮಡಚಿ, ಮತ್ತೆ ಅದರೊಳಗೆ ತುಂಬಬೇಕು. ಬೇಸಿಗೆಯಲ್ಲಿ ತಗಡು ಕಾದು ಕೈ ಇಡಲು ಆಗುತ್ತಿರಲಿಲ್ಲವಂತೆ. ಬ್ರೇಕ್ ಹಾಕಿದಾಗ ಗಾಳಿ ಬಿಡುವ ಸದ್ದು ಹೇಗಿತ್ತು ಅಂತ ಬಾಯಲ್ಲೇ ಮಾಡಿ ತೋರಿಸಿದರು, ಮಿಗ್‌ನ ಚಕ್ರದ ಬ್ರೇಕ್ ಗಾಳಿಯ ಒತ್ತಡದ್ದು. ದೊಡ್ಡಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ನಲವತ್ತು ವರ್ಷದಲ್ಲಿ ಈ ಪ್ಯಾರಾಚೂಟ್ ಕತೆ ತಾನು ಕೇಳಿಯೇ ಇಲ್ಲ ಅಂದರು.

ಅಷ್ಟು ಹೊತ್ತಿಗೆ ಬೋಳು ಹುಳಿ ಆರಿ ಹೋಗಿತ್ತು.

ಖರ್ಚಿನ ವಿಷಯ. ಕಿಟ್‌ಗೆ ಐದು ಸಾವಿರದ ಹತ್ತಿರ ಆಯಿತು. ಡೆಕಾಲ್, ಬಣ್ಣ, ತಿನ್ನರ್, ವಾರ್ನಿಷ್ ಸೇರಿಸಿದರೆ ಹೆಚ್ಚುಕಡಿಮೆ ಇನ್ನೊಂದು ಅಷ್ಟೇ. ಏರ್‌ಬ್ರಷ್ ಲೆಕ್ಕ ಬೇರೆ. ಪುಸ್ತಕದಲ್ಲಿ ಕೊಟ್ಟ ಬಣ್ಣದ ನಂಬರ್‌ಗಳು ಜಪಾನಿನ ಕಂಪನಿಯವು, ನಮ್ಮಲ್ಲಿ ಅಂಗಡಿಗೆ ಹೋಗಿ ಕೊಳ್ಳುವ ಹಾಗಿಲ್ಲ, ಬೇರೆ ಕಂಪನಿಯದ್ದಕ್ಕೆ ಹೊಂದಿಸಿಕೊಳ್ಳಬೇಕು. ಬೆಂಕಿ ಹತ್ತುವ ಬಣ್ಣ ವಿಮಾನದಲ್ಲಿ ಬರುವುದಿಲ್ಲ, ರಸ್ತೆಯಲ್ಲೇ ಬರಬೇಕು, ಹತ್ತು ಹದಿನೈದು ದಿನ ಮೊದಲೇ ತರಿಸಿಕೊಳ್ಳಿ. ಮೊದಲ ಸಲ ಕಟ್ಟುವವರಿಗೆ ಇದು ಬೇಡ. ಲೋಹದ ತಗಡಿನ ಭಾಗಗಳಿಗೆ ಕೈ ಪಳಗಿರಬೇಕು. ಮಕ್ಕಳಿಗೆ ಶುರು ಮಾಡಿಸುವುದಾದರೆ ಏರ್‌ಫಿಕ್ಸ್‌ನ 1/72 ಸ್ಟಾರ್ಟರ್ ಸೆಟ್ ಕೊಡಿಸಿ, ಅಂಟು, ಬಣ್ಣ, ಬ್ರಷ್ ಅದರಲ್ಲೇ ಬರುತ್ತದೆ. ಎರಡು ಮೂರು ಕಟ್ಟಿ ಕೈ ಕೂತ ಮೇಲೆ ಈ ಬಾಕ್ಸ್ ತೆರೆಯಿರಿ. ನಮ್ಮ ಕಡೆಯವರು ಮಳೆಗಾಲದಲ್ಲಿ ಕಾಕ್‌ಪಿಟ್, ಜೋಡಣೆ, ಉಜ್ಜುವ ಕೆಲಸ ಮುಗಿಸಿಕೊಂಡು ಬಣ್ಣವನ್ನು ನವೆಂಬರ್‌ಗೆ ಇಟ್ಟುಕೊಂಡರೆ ನನ್ನ ಹಾಗೆ ಸಂಕಟ ಪಡಬೇಕಾಗಿಲ್ಲ.

ಮಾಡೆಲ್ ಈಗ ಕಟಪಾಡಿಯಲ್ಲೇ ಇದೆ, ಗಾಜಿನ ಪೆಟ್ಟಿಗೆಯೊಳಗೆ, ಮೂಲೆಯಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ. ಹೊರಡುವಾಗ ದೊಡ್ಡಪ್ಪ ಒಂದು ಕೊರತೆ ಹೇಳಿದರು. ನಿಲ್ಲಿಸಿದ ವಿಮಾನದ ಮೂಗು ಹೀಗೆ ತೆರೆದಿರಬಾರದು, ಕಸ ಹಕ್ಕಿ ಒಳಗೆ ಹೋಗದಂತೆ ಕೆಂಪು ಮುಚ್ಚಳ ಬೇಕು. ಮಂಗಳೂರಿಗೆ ಬಂದು ಎಂ-ಸೀಲ್ ಮಿದ್ದಿ ಒಂದು ಮುಚ್ಚಳ ಮಾಡಿದೆ, ಕೆಂಪು ಹೊಡೆದು, ಬೆಂಕಿಪೊಟ್ಟಣದಲ್ಲಿ ಹತ್ತಿ ಇಟ್ಟು, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಟಪಾಡಿಗೆ ಕೊಟ್ಟು ಕಳಿಸಿದೆ. ಸಂಜೆಯೇ ಫೋನ್ ಬಂತು. ಸರಿಯಾಗಿ ಕೂರುತ್ತದಂತೆ. "ಆದರೆ ಅದಕ್ಕೆ ನೇತಾಡುವ ಕೆಂಪು ಪಟ್ಟಿ ಎಲ್ಲಿ? ಪಟ್ಟಿ ಇಲ್ಲದೆ ತೆಗೆಯಲು ಮರೆತರೆ?" ಅಂತ ಕೇಳಿದರು. ಒಂದೂವರೆ ಮಿಲಿಮೀಟರ್ ಅಗಲದ ಪಟ್ಟಿ ಈ ಭಾನುವಾರ ಕತ್ತರಿಸಬೇಕು.